ಆಟ ಕಟ್ಟುವ ಕೈ ಉಪಾಧ್ಯಾಯರದಾಗಲಿ

ಜೂನ್ ತಿಂಗಳು ಬಂತೆಂದರೆ ನಮ್ಮ ವಾಚಕರ ಮನೆಗಳಲ್ಲಿ ಹೊಸ ಲೆಕ್ಕಾಚಾರ ಶುರುವಾಗುತ್ತದೆ. ಫೀಜು, ಸಮವಸ್ತ್ರ, ನೋಟು ಪುಸ್ತಕ, ಬಸ್ ಪಾಸು ಇವುಗಳ ಜೊತೆಗೆ ಈಚಿನ ವರ್ಷಗಳಲ್ಲಿ ಇನ್ನೊಂದು ಬಾಬು ಸೇರಿಕೊಂಡಿದೆ. ಪಾಠವನ್ನು ಮೊಬೈಲಿನಲ್ಲಿ ಆಟವಾಗಿ ಕಲಿಸಿಕೊಡುತ್ತೇವೆಂದು ಹೇಳುವ ಕಂಪನಿಗಳ ಚಂದಾ ಅದು. ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನಿಗೂ, ಅಂಗಡಿಯ ಬಾಗಿಲು ಹಾಕಿ ಬಂದ ಚಿಲ್ಲರೆ ವ್ಯಾಪಾರಿಗೂ ಫೋನು ಬರುತ್ತದೆ: ನಿಮ್ಮ ಮಗು ಹಿಂದೆ ಬೀಳುತ್ತಿದೆ, ಕಂತಿನ ಮೇಲೆ ಕೊಡುತ್ತೇವೆ, ಇವತ್ತೇ ಸೇರಿಸಿ. ತಾನು ಓದಲಿಲ್ಲ, ತನ್ನ ಮಕ್ಕಳಾದರೂ ಓದಲಿ ಎಂಬ ಬಡವನ ಆಸೆಯನ್ನೇ ಸರಕು ಮಾಡಿ ಮಾರುವ ವ್ಯಾಪಾರ ಇದು.

ಈ ವ್ಯಾಪಾರದ ಗಟ್ಟಿತನ ಎಷ್ಟೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಬೆಂಗಳೂರಿನ ಬೈಜೂಸ್ ಕಂಪನಿ 2022ರಲ್ಲಿ 22 ಶತಕೋಟಿ ಡಾಲರ್ ಬೆಲೆಯುಳ್ಳದ್ದೆಂದು ಬಂಡವಾಳಗಾರರು ಕೊಂಡಾಡಿದರು. 2024ರ ಜುಲೈ ತಿಂಗಳಿನಲ್ಲಿ ಅದೇ ಕಂಪನಿಯ ಮೇಲಿನ ದಿವಾಳಿ ಅರ್ಜಿಯನ್ನು ಕಂಪನಿ ನ್ಯಾಯಮಂಡಲಿಯ ಬೆಂಗಳೂರು ಪೀಠ ವಿಚಾರಣೆಗೆ ಅಂಗೀಕರಿಸಿತು. ಎರಡೇ ವರ್ಷದಲ್ಲಿ ಬೆಟ್ಟ ಬಯಲಾಯಿತು. ಮಗುವಿನ ಕಲಿಕೆಯನ್ನು ಹಣ ಹೂಡುವವರ ಮರ್ಜಿಗೆ ಕಟ್ಟಿಹಾಕಿದರೆ ಹೀಗೆಯೇ ಆಗುವುದು.

ಹಾಗೆಂದು ಕಂಪ್ಯೂಟರ್ ಬೇಡ, ಆಟ ಬೇಡ ಎಂದು ನಾವು ಹೇಳುವುದಿಲ್ಲ. ಯಂತ್ರವನ್ನು ದ್ವೇಷಿಸುವುದು ಸಮಾಜವಾದಿಯ ಲಕ್ಷಣವಲ್ಲ. ಯಂತ್ರದ ಒಡೆತನ ಯಾರದು ಎಂದು ಕೇಳುವುದು ಅವನ ಲಕ್ಷಣ. ಮಗ್ಗದ ವಿಷಯದಲ್ಲಿ ನಾವು ಕೇಳಿದ ಪ್ರಶ್ನೆಯನ್ನೇ ಮಕ್ಕಳ ಕಲಿಕೆಯ ಆಟದ ವಿಷಯದಲ್ಲಿಯೂ ಕೇಳಬೇಕಾಗಿದೆ. ಇದನ್ನು ಕಟ್ಟುವವರು ಯಾರು? ಇದು ಯಾರ ಸೊತ್ತು? ನಮ್ಮ ಉತ್ತರ ಸ್ಪಷ್ಟವಾಗಿದೆ. ತರಗತಿಯಲ್ಲಿ ಮಕ್ಕಳ ಮುಖ ನೋಡಿ ಪಾಠ ಹೇಳುವ ಉಪಾಧ್ಯಾಯರೇ ಈ ಆಟಗಳನ್ನು ರೂಪಿಸಬೇಕು; ಅವರಿಗೆ ಬೇಕಾದ ಸಮಯ, ಸಲಕರಣೆ, ನೆರವು ಸರ್ಕಾರದಿಂದ ಬರಬೇಕು; ಕಟ್ಟಿದ ಆಟ ಸಾರ್ವಜನಿಕರ ಸೊತ್ತಾಗಬೇಕು.

ಉಪಾಧ್ಯಾಯರಿಂದ ಇದು ಆಗುವ ಕೆಲಸವೇ ಎಂದು ಮೂಗು ಮುರಿಯುವವರುಂಟು. ಅಂಥವರಿಗೆ ಬಂಡವಾಳಶಾಹಿಯ ತವರುಮನೆಯಾದ ಅಮೆರಿಕದಿಂದಲೇ ಒಂದು ಉದಾಹರಣೆ ಕೊಡುತ್ತೇವೆ.

1971ರಲ್ಲಿ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ಶಾಲೆಯೊಂದರಲ್ಲಿ ಡಾನ್ ರಾವಿಚ್ ಎಂಬ ಯುವಕ ಉಪಾಧ್ಯಾಯ ತರಬೇತಿಯ ಭಾಗವಾಗಿ 8ನೆಯ ತರಗತಿಗೆ ಚರಿತ್ರೆ ಕಲಿಸುತ್ತಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಪಶ್ಚಿಮದ ಆರೆಗನ್ ಪ್ರಾಂತಕ್ಕೆ ಗುಳೆ ಹೋದ ಜನರ ಪಾಠ ಅದು. ಇಸವಿಗಳನ್ನು ಬಾಯಿಪಾಠ ಮಾಡಿಸುವುದು ಆತನಿಗೆ ಬೇಡವಾಗಿತ್ತು. ಕಾಗದದ ಮೇಲೆ ದಾರಿಯ ನಕ್ಷೆ ಬರೆದು, ದಾಳ ಉರುಳಿಸಿ ಆಡುವ ಆಟವೊಂದನ್ನು ಆತ ಯೋಚಿಸಿದ. ಆತನ ಜೊತೆಗೆ ಒಂದೇ ಮನೆಯಲ್ಲಿದ್ದ ಬಿಲ್ ಹೈನೆಮನ್, ಪಾಲ್ ಡಿಲ್ಲೆನ್‌ಬರ್ಗರ್ ಎಂಬಿಬ್ಬರು ಗಣಿತದ ತರಬೇತಿ ಉಪಾಧ್ಯಾಯರು. ಕಂಪ್ಯೂಟರಿಗೆ ಆಜ್ಞೆ ಬರೆಯಲು ಬಲ್ಲವರು. ಮೂವರೂ ಸೇರಿ ಎರಡೇ ವಾರದಲ್ಲಿ ಆಟವನ್ನು ಕಟ್ಟಿದರು. ಆಗ ಶಾಲೆಯಲ್ಲಿ ಪರದೆಯಿರುವ ಯಂತ್ರವೂ ಇರಲಿಲ್ಲ. ದೂರದ ಕಂಪ್ಯೂಟರಿಗೆ ಟೆಲಿಫೋನ್ ತಂತಿಯ ಮೂಲಕ ಸೇರಿಸಿದ್ದ ಒಂದು ಟೈಪು ಯಂತ್ರ ಕಾಗದದ ಮೇಲೆ ಪ್ರಶ್ನೆ ಅಚ್ಚು ಮಾಡುತ್ತಿತ್ತು, ಮಕ್ಕಳು ಉತ್ತರ ಒತ್ತುತ್ತಿದ್ದರು. ಅದಕ್ಕಾಗಿಯೇ ಹುಡುಗರು ಸರದಿಯಲ್ಲಿ ನಿಂತರು.

ಆ ಆಟದಲ್ಲಿ ಏನಿತ್ತು? ನಮ್ಮ ಅಂಗಡಿಕಾರ ಮಿತ್ರರಿಗೆ ಅದು ಕೂಡಲೇ ಅರ್ಥವಾಗುತ್ತದೆ. ಬಂಡಿ ಕೊಂಡಾದ ಮೇಲೆ ಕೈಯಲ್ಲಿ ಉಳಿಯುವುದು 700 ಡಾಲರ್. ಅದರಲ್ಲಿ ಎತ್ತು, ಆಹಾರ, ಮದ್ದುಗುಂಡು, ಬಟ್ಟೆ ಎಲ್ಲವನ್ನೂ ಕೊಳ್ಳಬೇಕು. ಎತ್ತಿಗೆ ಕಡಿಮೆ ಹಾಕಿದರೆ ಬಂಡಿ ನಿಧಾನ. ಬಟ್ಟೆಗೆ ಕಡಿಮೆ ಹಾಕಿದರೆ ಬೆಟ್ಟದ ಚಳಿಯಲ್ಲಿ ಸಾವು. ಎಲ್ಲವನ್ನೂ ಮೊದಲೇ ಖರ್ಚು ಮಾಡಿದರೆ ದಾರಿಯಲ್ಲಿ ಕಾಯಿಲೆ ಬಂದಾಗ ಔಷಧಕ್ಕೆ ಕಾಸಿಲ್ಲ. ಸಂಬಳದ ದಿನ ಹಂಚಿಕೆ ಹಾಕುವ ಕಾರ್ಮಿಕನ ಹೆಂಡತಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಗುಳೆ ಹೋದವನ ಕಷ್ಟ ಏನೆಂಬುದು ಆಡಿದ ಮಗುವಿಗೆ ಪಾಠ ಓದದೆಯೇ ತಿಳಿಯಿತು.

ಮುಂದಿನ ಕಥೆ ಇನ್ನೂ ಮುಖ್ಯವಾದದ್ದು. 1973ರಲ್ಲಿ ಮಿನ್ನೆಸೋಟ ಸರ್ಕಾರ ಶಾಲೆಗಳ ಕಂಪ್ಯೂಟರ್ ಕೆಲಸಕ್ಕಾಗಿಯೇ ಒಂದು ಸಾರ್ವಜನಿಕ ಸಂಸ್ಥೆಯನ್ನು ಕಟ್ಟಿತು. 1974ರಲ್ಲಿ ರಾವಿಚ್ ಅಲ್ಲಿ ಕೆಲಸಕ್ಕೆ ಸೇರಿ, ತನ್ನ ಬಳಿ ಕಾಗದದಲ್ಲಿ ಉಳಿದಿದ್ದ ಆಟವನ್ನು ಮತ್ತೆ ಟೈಪು ಮಾಡಿ ಯಂತ್ರಕ್ಕೆ ಸೇರಿಸಿದ. ಗುಳೆ ಹೋದವರು ಬರೆದಿಟ್ಟ ದಿನಚರಿಗಳನ್ನು ಓದಿ, ದಾರಿಯಲ್ಲಿ ಮಳೆ, ಚಳಿ, ಕಾಯಿಲೆ ಎಷ್ಟೆಷ್ಟು ಸಲ ಎದುರಾಗುತ್ತಿತ್ತೆಂದು ಲೆಕ್ಕ ಹಾಕಿ ಆಟವನ್ನು ತಿದ್ದಿದ. ರಾಜ್ಯದ ಶಾಲೆಗಳಿಗೆಲ್ಲ ಅದು ದೊರೆಯಿತು. ಒಬ್ಬ ಉಪಾಧ್ಯಾಯನ ತರಗತಿಯಲ್ಲಿ ಹುಟ್ಟಿದ ಆಟ ಸರ್ಕಾರದ ಬೆಂಬಲದಿಂದ ಒಂದು ಪೀಳಿಗೆಯ ಮಕ್ಕಳ ಆಟವಾಯಿತು.

ಆಮೇಲೆ ಏನಾಯಿತು? 1991ರಲ್ಲಿ ರಾಜ್ಯ ಸರ್ಕಾರ ಆ ಸಂಸ್ಥೆಯನ್ನು ಖಾಸಗಿ ಬಂಡವಾಳಕ್ಕೆ ಮಾರಿತು. 1996ರಲ್ಲಿ ಇನ್ನೊಂದು ಕಂಪನಿ ಅದನ್ನು ಸುಮಾರು 37 ಕೋಟಿ ಡಾಲರಿಗೆ ಕೊಂಡಿತು. 1999ರಲ್ಲಿ ಅದರ ಬಾಗಿಲು ಮುಚ್ಚಿತು. ಸಾರ್ವಜನಿಕರ ತೆರಿಗೆ ಹಣದಿಂದ ಬೆಳೆದ ಹಸುವಿನ ಹಾಲನ್ನು ಕೊನೆಗೆ ಕರೆದುಕೊಂಡವರು ಬೇರೆಯವರು. ಸಾರ್ವಜನಿಕ ರಂಗದ ಕಾರ್ಖಾನೆಗಳ ಗತಿಯನ್ನು ಕಂಡಿರುವ ನಮಗೆ ಈ ಕಥೆ ಹೊಸದಲ್ಲ. ಉಪಾಧ್ಯಾಯರು ಕಟ್ಟಿದ ಆಟ ಮುಂದೆಂದೂ ಮಾರಾಟವಾಗದಂತೆ ಮೊದಲ ದಿನವೇ ಕಟ್ಟುಪಾಡು ಮಾಡಬೇಕೆಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಇನ್ನೊಂದು ಪಾಠವೂ ಇದೆ. ಆ ಆಟದಲ್ಲಿ ಮಗು ಯಾವಾಗಲೂ ಬಂಡಿ ಹೊಡೆದುಕೊಂಡು ಹೋಗುವ ಬಿಳಿಯ ವಲಸಿಗ. ಆ ನೆಲ ಯಾರದಾಗಿತ್ತೋ ಆ ಮೂಲನಿವಾಸಿಗಳ ಕಣ್ಣಿನಿಂದ ಕಥೆ ನಡೆಯುವುದಿಲ್ಲ. ಈ ಕೊರತೆಯನ್ನು ಅನೇಕರು ಅಲ್ಲಿಯೇ ಎತ್ತಿ ತೋರಿಸಿದ್ದಾರೆ. ಆಟವೆಂದರೆ ಬರಿಯ ಆಟವಲ್ಲ. ಕಟ್ಟಿದವನ ಲೋಕದೃಷ್ಟಿ ಅದರ ನಿಯಮಗಳೊಳಗೆ ಅಡಗಿರುತ್ತದೆ. ಶ್ರೀಮಂತರ ಬಡಾವಣೆಯಲ್ಲಿ ಕುಳಿತು ಕಟ್ಟಿದ ಆಟದಲ್ಲಿ ಮಗು ಕಾರು ಕೊಳ್ಳುತ್ತದೆ, ಮಾಲಿಗೆ ಹೋಗುತ್ತದೆ. ನೂಲಿನ ಗಿರಣಿಯೂ, ವಾರದ ಸಂತೆಯೂ, ಉದ್ರಿ ಪುಸ್ತಕವೂ ಅದರೊಳಗೆ ಬರುವುದಿಲ್ಲ. ನಮ್ಮ ಮಕ್ಕಳ ಬದುಕು ಪಾಠದೊಳಗೆ ಬರಬೇಕಾದರೆ ಆ ಬದುಕನ್ನು ಬಲ್ಲವರು ಆಟ ಕಟ್ಟಬೇಕು.

ಅಮೆರಿಕದ ಮಾತು ದೂರದ್ದೆನ್ನುವವರು ನಮ್ಮ ಹೆಗ್ಗಡದೇವನಕೋಟೆಯನ್ನು ನೋಡಲಿ. 1995ರಲ್ಲಿ ಮೈಸೂರು ಜಿಲ್ಲೆಯ ಈ ಹಿಂದುಳಿದ ತಾಲ್ಲೂಕಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮಶಾಲೆಗಳ ಕ್ರಮವನ್ನು ಕಣ್ಣಾರೆ ಕಂಡು ಬಂದರು. ಬಂದು, ನಮ್ಮ ಪಠ್ಯಕ್ಕೆ ತಕ್ಕಂತೆ ಕಾರ್ಡುಗಳನ್ನೂ, ಆಟಗಳನ್ನೂ, ಹಾಡುಗಳನ್ನೂ, ಕಲಿಕೆಯ ಏಣಿಯನ್ನೂ ತಾವೇ ಸಿದ್ಧಪಡಿಸಿದರು. ಅದೇ ನಲಿಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕಂಪ್ಯೂಟರ್ ಇಲ್ಲದೆ, ರಟ್ಟು, ಬಣ್ಣ, ಕತ್ತರಿಗಳಿಂದ ನಮ್ಮ ಉಪಾಧ್ಯಾಯರು ಆಟ ಕಟ್ಟಿ ತೋರಿಸಿದ್ದಾರೆ. ಆದರೆ ಕೆಳಗಿನಿಂದ ಹುಟ್ಟಿದ್ದು ಮೇಲಿನಿಂದ ಸುತ್ತೋಲೆಯಾಗಿ ಇಳಿದಾಗ ಅದರ ಜೀವ ಕುಗ್ಗುತ್ತದೆ. ಕಟ್ಟಿದವನಿಗೆ ತಿದ್ದುವ ಹಕ್ಕೂ ಇರಬೇಕು. ಆ ಹಕ್ಕು ಹೋದರೆ ಉಪಾಧ್ಯಾಯ ಬರಿಯ ಹಂಚುವವನಾಗುತ್ತಾನೆ.

ಹಾಗಾದರೆ ಒಳ್ಳೆಯ ಆಟ ಯಾವುದು? ಪೇಟೆಯಲ್ಲಿ ಸಿಗುವ ಬಹುಪಾಲು ಕಲಿಕಾ ಆಟಗಳು ಕಹಿ ಮಾತ್ರೆಗೆ ಸಕ್ಕರೆ ಸವರಿದಂಥವು. ಸ್ವಲ್ಪ ಹೊತ್ತು ಜಿಗಿತ, ಓಟ. ನಡುವೆ ನಾಲ್ಕು ಪ್ರಶ್ನೆ. ಸರಿ ಉತ್ತರಕ್ಕೆ ನಾಣ್ಯದ ಸದ್ದು. ಮಗು ನಾಣ್ಯಕ್ಕಾಗಿ ಪ್ರಶ್ನೆಯನ್ನು ಸಹಿಸಿಕೊಳ್ಳುತ್ತದೆ, ಅಷ್ಟೆ. ಇಂಗ್ಲೆಂಡಿನ ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಐನ್ಸ್‌ವರ್ತ್ ಎಂಬ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಭಾಗಾಕಾರ ಕಲಿಸುವ ಒಂದೇ ಆಟವನ್ನು ಅವರು ಎರಡು ಬಗೆಯಾಗಿ ಕಟ್ಟಿದ್ದರು. ಒಂದರಲ್ಲಿ ಎದುರಾಳಿ ಅಸ್ಥಿಪಂಜರದ ಎದೆಯ ಮೇಲೆ ಸಂಖ್ಯೆ ಬರೆದಿರುತ್ತದೆ. ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಆಯುಧವನ್ನೇ ಆರಿಸಿ ಹೊಡೆಯಬೇಕು. ಇನ್ನೊಂದರಲ್ಲಿ ಹೊಡೆದಾಟ ಬೇರೆ, ಲೆಕ್ಕದ ಪ್ರಶ್ನೆ ಬೇರೆ. ಲೆಕ್ಕವೇ ಆಟವಾಗಿದ್ದ ಮೊದಲನೆಯ ಬಗೆಯಲ್ಲಿ ಮಕ್ಕಳು ಹೆಚ್ಚು ಕಲಿತರು. ಇಷ್ಟಬಂದಂತೆ ಆಡಲು ಬಿಟ್ಟಾಗ ಅದನ್ನೇ ಬಹಳ ಹೆಚ್ಚು ಹೊತ್ತು ಆಡಿದರು.

ನಮ್ಮ ಅಜ್ಜಿಯರಿಗೆ ಈ ತತ್ತ್ವ ಗೊತ್ತಿತ್ತು. ಚೌಕಾಬಾರದಲ್ಲಿ ಕವಡೆ ಎಣಿಸದೆ ಕಾಯಿ ನಡೆಯುವುದಿಲ್ಲ. ಅಳಗುಳಿಮಣೆಯಲ್ಲಿ ಯಾವ ಗುಳಿಯ ಕಾಳನ್ನು ಎತ್ತಿದರೆ ಎಲ್ಲಿಗೆ ಮುಗಿಯುತ್ತದೆಂದು ಮುಂದಾಗಿ ಲೆಕ್ಕ ಹಾಕದವನು ಗೆಲ್ಲುವುದಿಲ್ಲ. ಅಲ್ಲಿ ಎಣಿಕೆಯೇ ಆಟ. ಕಂಪ್ಯೂಟರಿನ ಆಟವನ್ನು ಅಳೆಯಲು ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. ಬಣ್ಣ, ಸದ್ದು, ಅಂಕಗಳನ್ನು ತೆಗೆದು ನೋಡಿ. ಉಳಿಯುವುದು ಪಾಠವೇ ಆಗಿದ್ದರೆ ಆಟ ಒಳ್ಳೆಯದು.

ಪಾಠದ ಯಾವ ಗಂಟಿನಲ್ಲಿ ಮಗು ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಬಲ್ಲವರು ಉಪಾಧ್ಯಾಯರು ಮಾತ್ರ. ಒಂದು ಸಣ್ಣ ಉದಾಹರಣೆ. ಮೂರಕ್ಕಿಂತ ನಾಲ್ಕು ದೊಡ್ಡದು. ಆದ್ದರಿಂದ ಮೂರನೇ ಒಂದು ಭಾಗಕ್ಕಿಂತ ನಾಲ್ಕನೇ ಒಂದು ಭಾಗ ದೊಡ್ಡದೆಂದು ಎಷ್ಟೋ ಮಕ್ಕಳು ಬರೆಯುತ್ತಾರೆ. ಅದೇ ಮಗು ಸಂಜೆ ತಂದೆಯ ಅಂಗಡಿಯಲ್ಲಿ ಕಾಲು ಕಿಲೋ, ಅರ್ಧ ಕಿಲೋ, ಮುಕ್ಕಾಲು ಕಿಲೋ ಎಂದು ತಪ್ಪಿಲ್ಲದೆ ತೂಗಿ ಕೊಡುತ್ತದೆ. ಕೈಗೆ ಗೊತ್ತಿರುವುದು ಪುಸ್ತಕದಲ್ಲಿ ಗೊತ್ತಾಗುವುದಿಲ್ಲ. ಈ ಎರಡರ ನಡುವೆ ಸೇತುವೆ ಹಾಕುವ ಆಟ ಬೇಕು. ಗಿರಾಕಿ ಮುಕ್ಕಾಲು ಮೀಟರ್ ಬಟ್ಟೆ ಕೇಳುತ್ತಾನೆ; ಮಗು ಪರದೆಯ ಮೇಲೆ ಥಾನನ್ನು ಅಳೆದು ಕತ್ತರಿಸಬೇಕು; ಹೆಚ್ಚು ಕತ್ತರಿಸಿದರೆ ಅಂಗಡಿಗೆ ನಷ್ಟ, ಕಡಿಮೆಯಾದರೆ ಗಿರಾಕಿಯೊಡನೆ ಜಗಳ. ಇಂಥ ಆಟದ ಯೋಚನೆ ಬರುವುದು ಆ ಮಗುವನ್ನೂ, ಆ ಬೀದಿಯನ್ನೂ ಬಲ್ಲ ಉಪಾಧ್ಯಾಯರಿಗೆ.

ಆದರೆ ಯೋಚನೆ ಒಂದೇ ಸಾಲದು. ಅದನ್ನು ಆಟವಾಗಿಸುವುದು ಒಂದು ಕಸಬು. ಯಾವ ಕಸಬನ್ನೂ ಕಲಿತೇ ಮಾಡಬೇಕು. ಮೊದಲು ಒಂದೇ ಒಂದು ಗಂಟನ್ನು ಆರಿಸಬೇಕು. ಆಟವನ್ನು ಕಾಗದ, ಹುಣಸೆಬೀಜಗಳಲ್ಲಿ ಮಾಡಿ ಐದಾರು ಮಕ್ಕಳೊಡನೆ ಆಡಿ ನೋಡಬೇಕು. ಮಕ್ಕಳಿಗೆ ಎಲ್ಲಿ ಬೇಸರ ಬಂತು, ಲೆಕ್ಕ ಮಾಡದೆ ಎಲ್ಲಿ ಊಹಿಸಿ ಗೆದ್ದರು ಎಂದು ಬರೆದುಕೊಂಡು ನಿಯಮ ತಿದ್ದಬೇಕು. ಎರಡು ಮೂರು ಸಲ ತಿದ್ದಿದ ಮೇಲೆಯೇ ಯಂತ್ರದ ಮುಂದೆ ಕೂರಬೇಕು. ಅಲ್ಲಿಗೆ ಬೇಕಾದ ಉಪಕರಣಗಳು ಇಂದು ಕಾಸಿಲ್ಲದೆ ಸಿಗುತ್ತವೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಿಂದ 2007ರಲ್ಲಿ ಹೊರಬಂದ ಸ್ಕ್ರಾಚ್ ಎಂಬುದರಲ್ಲಿ ಇಟ್ಟಿಗೆ ಜೋಡಿಸಿದಂತೆ ಆಜ್ಞೆಗಳನ್ನು ಜೋಡಿಸಿ ಆಟ ಕಟ್ಟಬಹುದು; ಮಕ್ಕಳೇ ಕಟ್ಟುತ್ತಾರೆ. ಅದಕ್ಕೆ ಮೀರಿದ ಕೆಲಸವಿದ್ದರೆ ಪಕ್ಕದಲ್ಲಿ ಕುಳಿತು ನೆರವಾಗುವ ಒಬ್ಬ ಪ್ರೋಗ್ರಾಮರ್ ಬೇಕು. ರಾವಿಚ್‌ಗೆ ಇಬ್ಬರು ಸ್ನೇಹಿತರು ಸಿಕ್ಕಿದ್ದು ಅದೃಷ್ಟ. ನಮ್ಮ ಸಾವಿರಾರು ಉಪಾಧ್ಯಾಯರನ್ನು ಅದೃಷ್ಟದ ಪಾಲಿಗೆ ಬಿಡಲಾಗದು. ಅದಕ್ಕೆ ವ್ಯವಸ್ಥೆ ಬೇಕು.

ನೆರೆಯ ಕೇರಳ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದೆ. 2001ರಲ್ಲಿ ಅಲ್ಲಿ ಆರಂಭವಾದ ಶಾಲಾ ಕಂಪ್ಯೂಟರ್ ಯೋಜನೆಯಲ್ಲಿ ಉಪಾಧ್ಯಾಯರನ್ನೇ ತರಬೇತುದಾರರನ್ನಾಗಿ ಮಾಡಿ, ಅವರಿಂದ ಉಳಿದ ಉಪಾಧ್ಯಾಯರಿಗೆ ಕಲಿಸಿದರು. ಯಾರಿಗೂ ಲೈಸೆನ್ಸ್ ಹಣ ಕೊಡಬೇಕಿಲ್ಲದ ಮುಕ್ತ ತಂತ್ರಾಂಶವನ್ನು ಶಾಲೆಗಳಲ್ಲಿ ನೆಲೆಗೊಳಿಸಿದರು. ಕರ್ನಾಟಕದಲ್ಲಿಯಾದರೋ ಆ ವರ್ಷಗಳಲ್ಲಿ ಶಾಲೆಗಳ ಕಂಪ್ಯೂಟರ್ ಕೊಠಡಿಗಳನ್ನು ಬಹುಮಟ್ಟಿಗೆ ಕಂಪನಿಗಳ ಗುತ್ತಿಗೆಗೆ ಒಪ್ಪಿಸಲಾಯಿತು. ಗುತ್ತಿಗೆಯವನು ಯಂತ್ರ ತಂದ, ಗುತ್ತಿಗೆಯ ಬೋಧಕನನ್ನು ತಂದ. ಅವಧಿ ಮುಗಿದಾಗ ಹೊರಟುಹೋದ. ಶಾಲೆಯ ಉಪಾಧ್ಯಾಯ ಬಾಗಿಲ ಹೊರಗೇ ಉಳಿದ. ಆದರೂ 2011ರ ನಂತರ ನಮ್ಮಲ್ಲಿಯೇ ವಿಷಯ ಶಿಕ್ಷಕರ ವೇದಿಕೆಯೆಂಬ ಕಾರ್ಯಕ್ರಮದಲ್ಲಿ ಪ್ರೌಢಶಾಲೆಯ ಉಪಾಧ್ಯಾಯರು ಮುಕ್ತ ತಂತ್ರಾಂಶ ಕಲಿತು, ಕನ್ನಡದಲ್ಲಿ ಪಾಠ ಸಾಮಗ್ರಿ ತಯಾರಿಸಿ ಎಲ್ಲರೊಡನೆ ಹಂಚಿಕೊಂಡರು. ನಮ್ಮ ಉಪಾಧ್ಯಾಯರಿಗೆ ಶಕ್ತಿಯಿಲ್ಲವೆಂಬ ಮಾತು ಸುಳ್ಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಅಡ್ಡಿಯಿರುವುದು ಇಲಾಖೆಯ ಬಾಗಿಲಲ್ಲಿ.

ಕೆಲವರ ಆಕ್ಷೇಪಗಳಿಗೂ ಇಲ್ಲಿ ಉತ್ತರ ಹೇಳಬೇಕು.

ಮೊಬೈಲಿನ ಆಟ ಮನೆ ಹಾಳು ಮಾಡುತ್ತದೆಂಬುದು ನಮ್ಮ ಅನೇಕ ವಾಚಕರ ಅಳಲು. ಆ ಅಳಲು ನ್ಯಾಯವಾದದ್ದೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಎಷ್ಟೋ ಸಂಸಾರಗಳು ಬೀದಿಗೆ ಬಂದ ಮೇಲೆ, 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಥವನ್ನು ನಿಷೇಧಿಸುವ ಕಾನೂನು ಮಾಡಿತು. ಆದರೆ ಜೂಜಿನ ಕಟ್ಟೆಯನ್ನು ಮುಚ್ಚಬೇಕೆಂಬವನು ಮಕ್ಕಳ ಚೌಕಾಬಾರವನ್ನು ಅಳಿಸುವುದಿಲ್ಲ. ಉಪಾಧ್ಯಾಯರ ಕಣ್ಣೆದುರಿನಲ್ಲಿ, ಶಾಲೆಯ ಯಂತ್ರದಲ್ಲಿ, ಇಬ್ಬರು ಮೂವರು ಕೂಡಿ ಇಪ್ಪತ್ತು ನಿಮಿಷ ಆಡುವ ಆಟ ಬೇರೆ. ಮಗುವನ್ನು ಬಿಡದಂತೆ ಹಿಡಿದಿಡಲೆಂದೇ ಕಟ್ಟಿದ ಕಂಪನಿಯ ಆಟ ಬೇರೆ.

ಮೊದಲು ಕಟ್ಟಡ, ನೀರು, ಶೌಚಾಲಯ ಕೊಡಲಿ, ಆಮೇಲೆ ಆಟ ಎನ್ನುವವರುಂಟು. ಅವು ಬೇಕೇ ಬೇಕು. ಖಾಲಿ ಬಿದ್ದಿರುವ ಉಪಾಧ್ಯಾಯರ ಹುದ್ದೆಗಳನ್ನು ತುಂಬದೆ ಆ ಜಾಗದಲ್ಲಿ ಯಂತ್ರ ಇಡಲು ಸರ್ಕಾರ ಹೊರಟರೆ ಅದನ್ನು ವಿರೋಧಿಸುವವರಲ್ಲಿ ನಾವೇ ಮೊದಲಿಗರು. ಆದರೆ ಉಳ್ಳವರ ಮಕ್ಕಳಿಗೆ ಇಂದೇ ದೊರೆಯುತ್ತಿರುವುದನ್ನು ಇಲ್ಲದವರ ಮಕ್ಕಳಿಗೆ ನಾಳೆ ಎನ್ನುವುದು ನ್ಯಾಯವಲ್ಲ. ಕೇಂದ್ರ ಸರ್ಕಾರದ ಶಾಲಾ ಅಂಕಿಅಂಶಗಳ ಪ್ರಕಾರ ಕಂಪ್ಯೂಟರ್ ಸೌಲಭ್ಯವಿರುವ ಶಾಲೆಗಳು 2023-24ರಲ್ಲಿ ದೇಶದಲ್ಲಿ ಶೇಕಡ 57ರಷ್ಟಿದ್ದವು. 2024-25ರಲ್ಲಿ ಶೇಕಡ 65ರ ಸಮೀಪಕ್ಕೆ ಬಂದವು. ಇನ್ನೂ ಮೂರರಲ್ಲೊಂದು ಶಾಲೆಗೆ ಅದು ಇಲ್ಲ. ಬಾಕಿ ಉಳಿದವು ಯಾರ ಮಕ್ಕಳ ಶಾಲೆಗಳೆಂಬುದನ್ನು ಬಿಡಿಸಿ ಹೇಳಬೇಕೆ?

ಹಣವೆಲ್ಲಿದೆ ಎಂಬ ಹಳೆಯ ರಾಗಕ್ಕೆ ಹಳೆಯ ಉತ್ತರವೇ ಸಾಕು. ರಾಷ್ಟ್ರೀಯ ಆದಾಯದ ಶೇಕಡ 6ನ್ನು ವಿದ್ಯಾಭ್ಯಾಸಕ್ಕೆ ಕೊಡಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ ಮಾತನ್ನು ಮತ್ತೆ ಬರೆಯಿತು. ಬರೆಯುವುದರಲ್ಲಿ ನಮ್ಮ ಸರ್ಕಾರಗಳು ಎಂದೂ ಹಿಂದೆ ಬಿದ್ದಿಲ್ಲ.

ಆದಕಾರಣ ನಾವು ರಾಜ್ಯ ಸರ್ಕಾರವನ್ನು ಹೀಗೆ ಒತ್ತಾಯಿಸುತ್ತೇವೆ.

ಮೊದಲನೆಯದು, ಸಮಯ. ಆಟ ಕಟ್ಟಲು ಮುಂದೆ ಬರುವ ಉಪಾಧ್ಯಾಯರಿಗೆ ಹದಿನೈದು ದಿನಕ್ಕೊಮ್ಮೆ ಅರ್ಧ ದಿನವನ್ನು ಕರ್ತವ್ಯವೆಂದೇ ಎಣಿಸಿ ಕೊಡಬೇಕು. ಜನಗಣತಿ, ಚುನಾವಣೆ, ವಿಕೋಪ ಪರಿಹಾರಗಳನ್ನು ಬಿಟ್ಟು ಬೇರೆ ಕೆಲಸಕ್ಕೆ ಉಪಾಧ್ಯಾಯರನ್ನು ಹಚ್ಚಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಅದನ್ನು ಪ್ರಾಮಾಣಿಕವಾಗಿ ಜಾರಿಗೆ ತಂದರೆ ಸಮಯ ತಾನಾಗಿಯೇ ಸಿಗುತ್ತದೆ.

ಎರಡನೆಯದು, ನೆರವು. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಆಟ ಕಟ್ಟುವ ಒಂದು ಕೊಠಡಿ, ಕೆಲವು ಯಂತ್ರ, ಕಾಯಂ ಸಂಬಳದ ಒಬ್ಬ ಪ್ರೋಗ್ರಾಮರ್, ಒಬ್ಬ ಚಿತ್ರಕಲಾವಿದ ಇರಬೇಕು. ಸರ್ಕಾರಿ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಜೋಡಿಸಬಹುದು.

ಮೂರನೆಯದು, ಒಡೆತನ. ಕಟ್ಟಿದ ಆಟದ ಮೇಲೆ ಉಪಾಧ್ಯಾಯರ ಹೆಸರಿರಬೇಕು. ಆಟ ಮಾತ್ರ ಎಲ್ಲರದ್ದಾಗಬೇಕು. ಯಾವ ಶಾಲೆಯಾದರೂ ಅದನ್ನು ಪಡೆದು, ತನ್ನ ಮಕ್ಕಳಿಗೆ ತಕ್ಕಂತೆ ತಿದ್ದಿಕೊಳ್ಳುವಂತಿರಬೇಕು. ಯಾವ ಕಂಪನಿಗೂ ಅದನ್ನು ಮಾರಕೂಡದು.

ನಾಲ್ಕನೆಯದು, ಹಳೆಯ ಯಂತ್ರದಲ್ಲಿ, ಇಂಟರ್ನೆಟ್ ಇಲ್ಲದೆಯೂ ನಡೆಯುವಂಥ ಆಟಗಳಾಗಬೇಕು. ಅವು ಕನ್ನಡದಲ್ಲಿರಬೇಕು, ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳನ್ನೂ ಮರೆಯಬಾರದು. ಜಾಹೀರಾತು ಇರಬಾರದು. ಮಕ್ಕಳ ಮಾಹಿತಿಯನ್ನು ಯಾರಿಗೂ ಕೊಡಬಾರದು.

ಇದೆಲ್ಲವನ್ನೂ ಸರ್ಕಾರ ತಾನಾಗಿ ಕೊಡುತ್ತದೆಂದು ನಂಬಿ ಕೂರುವವರಲ್ಲ ನಾವು. ಬೋನಸ್ಸಿನಿಂದ ಹಿಡಿದು ಎಂಟು ಗಂಟೆಯ ಪಾಳಿಯವರೆಗೆ ಯಾವುದೂ ಕೇಳದೆ ಬಂದದ್ದಲ್ಲ. ಪ್ರತಿ ಸರ್ಕಾರಿ ಶಾಲೆಯಲ್ಲಿಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಅದರ ಸದಸ್ಯರು ನೀವೇ, ತಂದೆತಾಯಂದಿರು. ಮುಂದಿನ ಸಭೆಗೆ ರಜೆ ಹಾಕಿಯಾದರೂ ಹೋಗಿ. ಶಾಲೆಯ ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಬಳಿಯಿದೆ ಎಂದು ಕೇಳಿ. ನಿಮ್ಮ ಉಪಾಧ್ಯಾಯರಿಗೆ ಏನು ಬೇಕೆಂದು ಕೇಳಿ, ಅದನ್ನು ಠರಾವಾಗಿ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಿ. ಯೂನಿಯನ್ನುಗಳೂ ವರ್ತಕರ ಸಂಘಗಳೂ ಇದಕ್ಕೆ ದನಿಗೂಡಿಸಲಿ.

ಕಂಪನಿಗೆ ಕಂತು ಕಟ್ಟುವ ಕೈ ಒಮ್ಮೆ ಉಪಾಧ್ಯಾಯರ ಕೈ ಹಿಡಿಯಲಿ. ಮಕ್ಕಳ ಆಟವನ್ನು ಮಕ್ಕಳನ್ನು ಬಲ್ಲವರೇ ಕಟ್ಟಲಿ.